ಸಮುದ್ರಕ್ಕೆ ಹೋದ ವಿದ್ಯಾರ್ಥಿಗೆ ಸುಮ್ನೆ ಒಂದು ‘ಸಿ’ ಕೊಟ್ಟುಬಿಡಲಾ?

ಪ್ರಶ್ನೆ: ಮೇಡಂ, ನನ್ನೂರು ದಾವಣಗೆರೆ. ಗಣಿತದಲ್ಲಿ ಎಂಎಸ್ಸಿ ಮಾಡಿದ್ದೇನೆ. ಮದುವೆಯಾಗಿ ಅಮೆರಿಕದ ವರ್ಜೀನಿಯಾಕ್ಕೆ ಬಂದೆ. ಈಗ ಇಲ್ಲಿನ ಒಂದು ಕಾಲೇಜಿನ ಪರವಾಗಿ ನಾರ್‌ಫೋಕ್ ನೌಕಾನೆಲೆಯ ಒಳಗೆ ಸಂಜೆ ಹೊತ್ತು ಕಾಲೇಜ್ ಆಲ್ಜೀಬ್ರಾ ಪಾಠ ಮಾಡುತ್ತೇನೆ. ಕೆಲಸ ಕಾಯಂ ಅಲ್ಲ, ನಮ್ಮಲ್ಲಿನ ಅತಿಥಿ ಉಪನ್ಯಾಸಕರ ಥರ. ಎಂಟು ವಾರದ ಟರ್ಮ್, ಅಷ್ಟಕ್ಕೇ ಒಪ್ಪಂದ.

ನನ್ನ ಕ್ಲಾಸಿನಲ್ಲಿ 23 ವರ್ಷದ ಒಬ್ಬ ಹುಡುಗ ಇದ್ದ. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ. ಡ್ಯೂಟಿ ಮುಗಿಸಿ ಎಣ್ಣೆ ವಾಸನೆಯ ಕವರಾಲ್‌ನಲ್ಲೇ ಬರುತ್ತಿದ್ದ. ಮೊದಲ ಐದು ವಾರ ಒಂದು ಕ್ಲಾಸೂ ತಪ್ಪಿಸಲಿಲ್ಲ. ಮಿಡ್‌ಟರ್ಮ್‌ನಲ್ಲಿ 81 ತೆಗೆದ. ಆರನೇ ವಾರ ಹಡಗಿಗೆ ಇದ್ದಕ್ಕಿದ್ದಂತೆ ಆರ್ಡರ್ ಬಂದು ಹೊರಟೇ ಹೋಯಿತು. ಆಮೇಲೆ ಹೋಮ್‌ವರ್ಕ್ ಇಲ್ಲ, ಟೆಸ್ಟ್ ಇಲ್ಲ. ಲಾಗರಿದಮ್, ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್, ಫೈನಲ್ ಪರೀಕ್ಷೆ ಬಾಕಿ ಉಳಿದವು. ಮೊನ್ನೆ ಒಂದು ಮೇಲ್ ಬಂತು: “ಮ್ಯಾಮ್, ಇಲ್ಲಿ ಇಂಟರ್ನೆಟ್ ಸಿಗುತ್ತಿಲ್ಲ. ಫೇಲಾದರೆ 750 ಡಾಲರ್ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. ದಯವಿಟ್ಟು ಒಂದು ಸಿ ಕೊಡಿ.” ಅವನ ಹೆಂಡತಿಯೂ ಮೆಸೇಜ್ ಮಾಡಿ ಮಾರ್ಕ್ಸ್ ಎಷ್ಟು, ಏನಾಗುತ್ತೆ ಹೇಳಿ ಅನ್ನುತ್ತಾಳೆ. ಕೈಗೂಸು ಬೇರೆ ಇದೆಯಂತೆ.

ನಮ್ಮ ಯಜಮಾನರು “ಒಂದು ಸಿ ಕೊಟ್ಟರೆ ನಿನ್ನ ಗಂಟೇನು ಹೋಗುತ್ತೆ” ಅಂತಾರೆ. ಜೊತೆಯಲ್ಲಿ ಪಾಠ ಮಾಡುವವರೊಬ್ಬರು “ಎಲ್ಲರೂ ಹಾಗೇ ಮಾಡೋದು” ಅಂದರು. ನನಗೆ ಊಟ ಸೇರುತ್ತಿಲ್ಲ. ಅವನು ತನ್ನ ದೇಶಕ್ಕೋಸ್ಕರ ಹೋಗಿದ್ದಾನೆ. ನಾನು ಹೊರಗಿನಿಂದ ಬಂದವಳು. ಅವನನ್ನು ಫೇಲ್ ಮಾಡೋಕೆ ನಾನ್ಯಾರು? ಶುಕ್ರವಾರದೊಳಗೆ ಗ್ರೇಡ್ ಹಾಕಬೇಕು. ಮುಂದಿನ ಟರ್ಮ್ ಒಪ್ಪಿಕೊಳ್ಳಲೋ ಬೇಡವೋ, ಅದೂ ತಿಳಿಯುತ್ತಿಲ್ಲ.
– ಹೆಸರು ಬೇಡ, ವರ್ಜೀನಿಯಾ

ಉತ್ತರ: ಪ್ರಿಯ ಸಹೋದರಿ,

ಶುಕ್ರವಾರದ ಗಡುವು ಇದ್ದದ್ದರಿಂದ ಈ ಉತ್ತರವನ್ನು ನಿಮಗೆ ಮೊದಲೇ ಕಳಿಸಿದ್ದೆ. ಇಂಥದೇ ಕೆಲಸದಲ್ಲಿರುವ ಬೇರೆಯವರಿಗೂ ಉಪಯೋಗವಾಗಲಿ ಅಂತ ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ಪತ್ರದಲ್ಲಿ ನೀವು ಹಡಗಿನ ಹೆಸರನ್ನೂ ಅದು ಹೊರಟ ದಿನವನ್ನೂ ಬರೆದಿದ್ದಿರಿ. ಎರಡನ್ನೂ ತೆಗೆದಿದ್ದೇನೆ. ಹಡಗು ಎಂದು ಹೊರಟಿತು, ಎಂದು ಬರುತ್ತೆ ಅನ್ನುವುದನ್ನು ಮನೆಯವರು ಫೇಸ್‌ಬುಕ್‌ನಲ್ಲೂ ಹಾಕಬಾರದು ಅಂತ ನೌಕಾಪಡೆ ಹೇಳುತ್ತದೆ. ಕಾಲೇಜಿಗೆ ಬರೆಯುವಾಗಲೂ “ಡ್ಯೂಟಿ ಮೇಲೆ ಹೋಗಿದ್ದಾನೆ” ಅಂದರೆ ಸಾಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿ ಕೊಡಬೇಡಿ. ಎಫ್ ಕೂಡ ಕೊಡಬೇಡಿ. ಅವನು ಪಾಸಾಗಿಲ್ಲ ನಿಜ, ಆದರೆ ಫೇಲೂ ಆಗಿಲ್ಲ. ಅವನ ಓದು ಅರ್ಧದಲ್ಲಿ ನಿಂತಿದೆ. ದಾಖಲೆಯಲ್ಲೂ ಅದೇ ಇರಲಿ. ಹಾಗೆ ಬರೆದರೂ ಅವನ ಸಂಬಳಕ್ಕೆ ಕತ್ತರಿ ಬೀಳದ ಹಾಗೆ ನೋಡಿಕೊಳ್ಳಲು ದಾರಿಗಳಿವೆ. ನಿಮ್ಮ ಪತ್ರದಲ್ಲಿ ಅವುಗಳ ಸುದ್ದಿಯೇ ಇಲ್ಲ, ಅಂದರೆ ನಿಮಗೆ ಯಾರೂ ಹೇಳಿಲ್ಲ. ಇದು ನನಗೆ ಸಿಟ್ಟು ತರಿಸುವ ವಿಷಯ. ಟರ್ಮ್ ಲೆಕ್ಕದಲ್ಲಿ ಕರೆಸಿಕೊಳ್ಳುವ ಮೇಷ್ಟ್ರಿಗೆ ಸಿಲಬಸ್ ಕೊಡುತ್ತಾರೆ, ನೆಲೆಯ ಗೇಟಿನಲ್ಲಿ ತೋರಿಸಲು ಪಾಸ್ ಮಾಡಿಸುತ್ತಾರೆ. ಹಡಗು ಹೊರಟುಬಿಟ್ಟರೆ ಏನು ಮಾಡಬೇಕು ಅಂತ ಮಾತ್ರ ಹೇಳುವುದಿಲ್ಲ. ನಾರ್‌ಫೋಕ್ ಅಂದರೆ ಜಗತ್ತಿನ ಅತಿ ದೊಡ್ಡ ನೌಕಾನೆಲೆ. ಅಲ್ಲಿ ಹಡಗು ಹೊರಡುವುದು ಅಪರೂಪದ ಸಂಗತಿಯೇನಲ್ಲ, ಅಲ್ವಾ?

ಆ 750 ಡಾಲರ್ ಎಲ್ಲಿಂದ ಬಂತು ಅಂತ ನೋಡಿ. ಸೇವೆಯಲ್ಲಿರುವವರ ಕಾಲೇಜು ಫೀಸನ್ನು ಅವರ ಪಡೆಯೇ ಕಟ್ಟುತ್ತದೆ. ಟ್ಯೂಷನ್ ಅಸಿಸ್ಟೆನ್ಸ್ ಅಂತ ಅದರ ಹೆಸರು. ಒಂದು ಕ್ರೆಡಿಟ್‌ಗೆ ಹೆಚ್ಚೆಂದರೆ 250 ಡಾಲರ್. ನಿಮ್ಮ ಕೋರ್ಸಿಗೆ ಮೂರು ಕ್ರೆಡಿಟ್. ಪದವಿ ಮಟ್ಟದ ಕೋರ್ಸಿನಲ್ಲಿ ಸಿ ಗಿಂತ ಕೆಳಗೆ ಬಂದರೆ ಆ ದುಡ್ಡನ್ನು ವಿದ್ಯಾರ್ಥಿ ವಾಪಸ್ ಕಟ್ಟಬೇಕು. ಹುಡುಗ ಹೆದರಿರುವುದು ಇದಕ್ಕೇ. ಅವನು ಸುಳ್ಳು ಹೇಳುತ್ತಿಲ್ಲ.

ಆದರೆ ನಿಯಮ ಅಲ್ಲಿಗೇ ಮುಗಿಯುವುದಿಲ್ಲ. ತನ್ನ ಕೈಮೀರಿದ ಕಾರಣಕ್ಕೆ, ಅದರಲ್ಲೂ ಡ್ಯೂಟಿಯ ಕಾರಣಕ್ಕೆ, ಕೋರ್ಸ್ ಬಿಡಬೇಕಾಗಿ ಬಂದರೆ ದುಡ್ಡು ಮಾಫಿ ಮಾಡಿಸಿಕೊಳ್ಳಬಹುದು. ಅದಕ್ಕೆ ಅವನೇ ಅರ್ಜಿ ಹಾಕಬೇಕು. ಅವನ ಹಡಗಿನ ಮೇಲಧಿಕಾರಿ ಸಹಿ ಹಾಕಬೇಕು. ನೇವಿ ಕಾಲೇಜ್ ವರ್ಚುವಲ್ ಎಜುಕೇಶನ್ ಸೆಂಟರ್ ಅಂತ ಒಂದಿದೆ, ಅಲ್ಲಿ ವಿಚಾರಿಸಿದರೆ ಹೇಳುತ್ತಾರೆ. ನಿಮ್ಮ ಕಡೆಯಿಂದ ಆಗಬೇಕಾದದ್ದು, ಅವನು ಕೊನೆಯ ಸಲ ಕ್ಲಾಸಿಗೆ ಬಂದ ದಿನ ಮತ್ತು ಅಲ್ಲಿಯವರೆಗಿನ ಅಂಕ ಬರೆದ ಒಂದು ಪತ್ರ. ಡ್ರಾಪ್ ಮಾಡುವ ಕೊನೆ ದಿನಾಂಕ ದಾಟಿದೆಯಲ್ಲ ಅಂತ ನೀವೇ ತೀರ್ಮಾನಿಸಬೇಡಿ. ಕಾಲೇಜಿನಲ್ಲಿ ಸೈನಿಕ ವಿದ್ಯಾರ್ಥಿಗಳ ವಿಭಾಗ ಇರುತ್ತದೆ, ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳಿ.

ಅವರ ಹತ್ತಿರ ಇನ್ನೊಂದನ್ನೂ ಕೇಳಿ. ವಿದ್ಯಾರ್ಥಿ ಮಧ್ಯದಲ್ಲೇ ನಿಲ್ಲಿಸಿದರೆ, ಅವಧಿಯ ಶೇ 60ರಷ್ಟು ಮುಗಿಯುವವರೆಗೆ ಕಾಲೇಜು ಉಳಿದ ಪಾಲಿನ ಫೀಸನ್ನು ಸರ್ಕಾರಕ್ಕೆ ವಾಪಸ್ ಮಾಡಬೇಕು. ಎಂಟು ವಾರ ಅಂದರೆ 56 ದಿನ, ಶೇ 60 ಅಂದರೆ 34ನೇ ದಿನದ ಹತ್ತಿರ, ಐದನೇ ವಾರದ ಕೊನೆ. ನಿಮ್ಮ ಹುಡುಗ ಆರನೇ ವಾರ ಹೋದ. ಕೂದಲೆಳೆಯಲ್ಲಿ ತಪ್ಪಿದೆ. ಆದರೂ ಬಾಯಿ ಬಿಟ್ಟು ಕೇಳಿ. ಯಾಕಂದರೆ ಈ ಟ್ಯೂಷನ್ ಅಸಿಸ್ಟೆನ್ಸ್ ದುಡ್ಡು ಪಡೆಯಲು ಕಾಲೇಜು ರಕ್ಷಣಾ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡಿರುತ್ತದೆ. ಹೀಗೆ ವಾಪಸಾದ ಫೀಸಿನ ಹೊರೆ, ಡ್ಯೂಟಿಗೆ ಹೋದ ವಿದ್ಯಾರ್ಥಿಯ ಮೇಲೆ ಸಾಲವಾಗಿ ಬೀಳದ ಹಾಗೆ ಕಾಲೇಜು ಅವನ ಜೊತೆ ಸೇರಿ ದಾರಿ ಹುಡುಕಬೇಕು ಅನ್ನುವುದು ಆ ಒಪ್ಪಂದದಲ್ಲೇ ಇದೆ. ಅಂದಮೇಲೆ ಅವರಿಗೆ ಇಂಥ ಕೇಸು ಹೊಸದಲ್ಲ. ನೀವು ಕಾಲು ಹಿಡಿದು ಕೇಳಬೇಕಾದ ಉಪಕಾರವೂ ಅಲ್ಲ.

ಇನ್ನೊಂದು ದಾರಿ ‘ಐ’, ಅಂದರೆ ಇನ್‌ಕಂಪ್ಲೀಟ್. ನಿಮಗೆ ಇದು ಮೊದಲೇ ಗೊತ್ತಿರಬಹುದು, ಆದರೆ ಇದರಲ್ಲಿ ಒಂದು ಮುಳ್ಳಿದೆ. ಉಳಿದ ಕೆಲಸವನ್ನು ಕಾಲೇಜು ಕೊಟ್ಟ ಗಡುವು ಅಥವಾ ಆರು ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ಮುಗಿಸದಿದ್ದರೆ ಮತ್ತೆ ಆ 750 ಡಾಲರ್ ಅವನ ತಲೆ ಮೇಲೆ ಬರುತ್ತದೆ. ಹಡಗುಗಳು ಒಮ್ಮೆ ಹೊರಟರೆ ಆರು, ಏಳು, ಕೆಲವೊಮ್ಮೆ ಒಂಬತ್ತು ತಿಂಗಳು ಬರುವುದಿಲ್ಲ. ಒಳ್ಳೆ ಮನಸ್ಸಿನಿಂದ ನೀವು ಐ ಹಾಕಿಬಿಟ್ಟು, ಅವನು ಊರಿಗೆ ಬರುವ ಮೊದಲೇ ಗಡುವು ಮುಗಿದರೆ? ಆದ್ದರಿಂದ ಅವನನ್ನು ಕೇಳದೆ ಐ ಹಾಕಬೇಡಿ. “ಯಾವಾಗ ವಾಪಸ್ ಬರುತ್ತೀಯ” ಅಂತ ಕೇಳುವ ಹಾಗಿಲ್ಲ. “ಇಷ್ಟು ಕೆಲಸ ಇಂಥ ತಾರೀಕಿನೊಳಗೆ ಹಡಗಿನಿಂದಲೇ ಮುಗಿಸಲು ಆಗುತ್ತಾ” ಅಂತ ಕೇಳಿ.

ನನ್ನ ಅಂದಾಜಿನಲ್ಲಿ ಆಗುತ್ತೆ. 81 ತೆಗೆದ ಹುಡುಗ. ಬಾಕಿ ಇರುವುದು ಲಾಗರಿದಮ್, ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್, ಆಮೇಲೆ ಫೈನಲ್ ಪರೀಕ್ಷೆ ಅಂತ ಬರೆದಿದ್ದೀರಿ. ಹಡಗಿನಲ್ಲಿ ಇಂಟರ್ನೆಟ್ ನಿಧಾನ. ಭದ್ರತೆಗಾಗಿ ಎಷ್ಟೋ ಸಲ ಅದನ್ನು ಪೂರ್ತಿ ನಿಲ್ಲಿಸಿಬಿಡುತ್ತಾರೆ, ನಾವಿಕರು ಅದಕ್ಕೆ ‘ರಿವರ್ ಸಿಟಿ’ ಅನ್ನುತ್ತಾರೆ. ಹಾಗಾಗಿ ವಿಡಿಯೋ, ಆನ್‌ಲೈನ್ ಕ್ವಿಜ್ ಎಲ್ಲ ಬಿಟ್ಟುಬಿಡಿ. ಪಾಠದ ನೋಟ್ಸ್ ಮತ್ತು ಲೆಕ್ಕಗಳನ್ನು ಚಿತ್ರ ಗಿತ್ರ ಇಲ್ಲದ ಒಂದು ಸಣ್ಣ ಪಿಡಿಎಫ್ ಮಾಡಿ ಮೇಲ್‌ಗೆ ಹಾಕಿ. ಬಿಳಿ ಹಾಳೆಯಲ್ಲಿ ಮಾಡಿ ಫೋಟೋ ತೆಗೆದಿಟ್ಟುಕೊಳ್ಳಲಿ, ಲೈನ್ ಸಿಕ್ಕಾಗ ಕಳಿಸಲಿ. ಫೈನಲ್‌ಗೆ ಹಡಗಿನ ಎಜುಕೇಷನಲ್ ಸರ್ವಿಸಸ್ ಆಫೀಸರನ್ನು ಹಿಡಿಯಿರಿ. ಬಡ್ತಿ ಪರೀಕ್ಷೆಗಳ ವ್ಯವಸ್ಥೆ ನೋಡಿಕೊಳ್ಳುವವರು ಅವರೇ. ಪ್ರಶ್ನೆಪತ್ರಿಕೆ ಅವರಿಗೆ ಹೋಗಲಿ, ಅವರು ಎದುರಿಗೆ ಕೂರಿಸಿ ಬರೆಸಲಿ. ಇದಕ್ಕೆ ಕಾಲೇಜಿನ ಒಪ್ಪಿಗೆ ಮೊದಲು ತೆಗೆದುಕೊಳ್ಳಿ. ಕಾಲೇಜು ಮೇಷ್ಟ್ರುಗಳು ಹಡಗಿನಲ್ಲೇ ಹೋಗಿ, ನಡುಸಮುದ್ರದಲ್ಲಿ ಊಟದ ಕೋಣೆಯಲ್ಲಿ ಪಾಠ ಮಾಡಿ ಪರೀಕ್ಷೆ ನಡೆಸಿದ ಕಾರ್ಯಕ್ರಮವೇ ಅಮೆರಿಕದ ನೌಕಾಪಡೆಯಲ್ಲಿ ಬಹಳ ವರ್ಷ ನಡೆದಿದೆ. ಸಮುದ್ರದಲ್ಲಿ ಪರೀಕ್ಷೆ ಬರೆಯುವುದು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ನಿಮ್ಮ ಯಜಮಾನರ ಮಾತಿಗೂ ಉತ್ತರ ಕೊಡುತ್ತೇನೆ. ನಿಮ್ಮ ಗಂಟು ಹೋಗುತ್ತೆ. ವಿದ್ಯಾರ್ಥಿ ಬಾರದ ಕ್ಲಾಸಿಗೆ, ಬರೆಯದ ಪರೀಕ್ಷೆಗೆ ಗ್ರೇಡ್ ಹಾಕಿದರೆ, ಆ ಗ್ರೇಡಿನ ಆಧಾರದ ಮೇಲೆ ಸರ್ಕಾರದ ದುಡ್ಡಿನ ಲೆಕ್ಕ ನಡೆಯುತ್ತದೆ. ನಾಳೆ ಯಾರಾದರೂ ಹಾಜರಿ ಪುಸ್ತಕ ತೆರೆದರೆ ಸಹಿ ನಿಮ್ಮದು. “ಎಲ್ಲರೂ ಹಾಗೇ ಮಾಡೋದು” ಅಂದವರು ಅವತ್ತು ನಿಮ್ಮ ಪಕ್ಕ ನಿಲ್ಲುವುದಿಲ್ಲ.

ಆದರೆ ಭಯಕ್ಕಿಂತ ದೊಡ್ಡ ಕಾರಣ ಆ ಹುಡುಗನೇ. ಅವನು ಇಂಜಿನ್ ರೂಮಿನವನು. ಒತ್ತಡ, ಉಷ್ಣತೆ, ಪಂಪು, ಮೋಟರ್ ಜೊತೆ ಬದುಕುವವನು. ಮುಂದೆ ಪ್ರಿ-ಕ್ಯಾಲ್ಕುಲಸ್, ಫಿಸಿಕ್ಸ್ ಅಂತ ಹೋದರೆ ಲಾಗರಿದಮ್ ಎದುರಾಗುತ್ತದೆ. ನೀವು ಸಿ ಕೊಟ್ಟು ಕಳಿಸಿದರೆ ಅಲ್ಲಿ ನಿಜವಾಗಿ ಫೇಲಾಗುತ್ತಾನೆ, ಆ ಕೋರ್ಸಿನ ದುಡ್ಡು ಕಟ್ಟುತ್ತಾನೆ. ಆಗ ತನಗೆ ಗಣಿತ ಹತ್ತುವುದಿಲ್ಲ ಅಂತಲೂ ನಂಬಿಬಿಡುತ್ತಾನೆ. ಐದು ವಾರ ಎಣ್ಣೆ ಬಟ್ಟೆಯಲ್ಲಿ ಬಂದು 81 ತೆಗೆದವನಿಗೆ ಈ ಅನ್ಯಾಯ ಆಗಬಾರದು. ರಾತ್ರಿಯೆಲ್ಲ ಪಹರೆ ಡ್ಯೂಟಿ ಮಾಡಿ, ಕಣ್ಣು ಎಳೆಯುತ್ತಿದ್ದರೂ ನಿಮ್ಮ ಫೈನಲ್ ಬರೆದು ಸಿ ತೆಗೆದ ಉಳಿದ ಮಕ್ಕಳೂ ಅದೇ ಕ್ಲಾಸಿನಲ್ಲಿದ್ದಾರೆ. ಅವರನ್ನೂ ನೆನೆಯಿರಿ.

“ನಾನು ಹೊರಗಿನಿಂದ ಬಂದವಳು, ನಾನ್ಯಾರು” ಅಂದಿರಲ್ಲ, ಪತ್ರದಲ್ಲಿ ನನ್ನ ಮನಸ್ಸಿಗೆ ತಾಗಿದ ಮಾತು ಅದೇ. ನೀವು ಅವನ ಟೀಚರ್. ಅಷ್ಟೇ, ಮತ್ತು ಅದು ಸಣ್ಣ ಮಾತಲ್ಲ. ಆ ಪಡೆಗೆ ಸೇರಲು ಪೌರತ್ವವೇ ಬೇಕು ಅಂತಿಲ್ಲ, ಗ್ರೀನ್ ಕಾರ್ಡ್ ಇದ್ದವರೂ ಸೇರುತ್ತಾರೆ, ಸೇವೆಯಲ್ಲಿದ್ದುಕೊಂಡೇ ಪೌರರಾಗುತ್ತಾರೆ. ನಿಮ್ಮ ಕ್ಲಾಸಿನಲ್ಲೇ ಅಂಥವರು ಇರಬಹುದು. ನೀವು ಆ ದೇಶಕ್ಕೆ ಋಣಿ ಅನ್ನಿಸುವುದು ತಪ್ಪಲ್ಲ, ಆದರೆ ಆ ಋಣವನ್ನು ಸುಳ್ಳು ಗ್ರೇಡಿನಲ್ಲಿ ತೀರಿಸಲು ಹೋಗಬೇಡಿ. ದಾವಣಗೆರೆಯ ಪಿಯು ಕಾಲೇಜಿನಲ್ಲಿ ಹುಡುಗನೊಬ್ಬ ಕಾಯಿಲೆ ಬಿದ್ದು ಪರೀಕ್ಷೆ ತಪ್ಪಿಸಿಕೊಂಡಿದ್ದರೆ ನೀವು ಏನು ಮಾಡುತ್ತಿದ್ದಿರಿ? ಪ್ರಿನ್ಸಿಪಾಲರ ಹತ್ತಿರ ಹೋಗಿ ಮರುಪರೀಕ್ಷೆಗೆ ದಾರಿ ಕೇಳುತ್ತಿದ್ದಿರಿ. ಇಲ್ಲೂ ಅದನ್ನೇ ಮಾಡಿ.

ಅವನ ಹೆಂಡತಿಗೆ ಮಾರ್ಕ್ಸ್ ಹೇಳಬೇಡಿ. ವಿದ್ಯಾರ್ಥಿಯ ಒಪ್ಪಿಗೆ ಪತ್ರ ಇಲ್ಲದೆ ಅವನ ಅಂಕವನ್ನು ಹೆಂಡತಿಗಾಗಲಿ, ಹಡಗಿನ ಮೇಲಿನವರಿಗಾಗಲಿ ಹೇಳಲು 1974ರಿಂದ ಕಾನೂನು ಬಿಡುವುದಿಲ್ಲ. ಹಾಗಂತ ಮೆಸೇಜಿಗೆ ಉತ್ತರ ಕೊಡದೆ ಸುಮ್ಮನಿರಬೇಡಿ. ಕೂಸನ್ನು ಇಟ್ಟುಕೊಂಡು ಒಬ್ಬಳೇ ಇದ್ದಾಳೆ. “ನಾನು ಅವರಿಗೆ ನೇರವಾಗಿ ಬರೆದಿದ್ದೇನೆ, ಡ್ಯೂಟಿಗೆ ಹೋದವರಿಗೆ ಕಾಲೇಜಿನಲ್ಲಿ ದಾರಿಗಳಿವೆ, ನೀವು ಗಾಬರಿಯಾಗಬೇಡಿ” ಅಂತ ಬರೆಯಿರಿ. ಇದರಲ್ಲಿ ಯಾವ ಗುಟ್ಟೂ ಇಲ್ಲ.

ಇವತ್ತು ರಾತ್ರಿಯೇ ಅವನಿಗೆ ಮೇಲ್ ಹಾಕಿ. ಉದ್ದ ಬೇಡ. “ನಿನಗೆ ಎಫ್ ಹಾಕುವುದಿಲ್ಲ. ಗಳಿಸದ ಸಿ ಕೂಡ ಹಾಕುವುದಿಲ್ಲ. ಎರಡು ದಾರಿ ಇವೆ: ಹಡಗಿನಿಂದ ಮುಗಿಸುವುದು, ಇಲ್ಲವೇ ಡ್ಯೂಟಿ ಕಾರಣಕ್ಕೆ ಕೋರ್ಸ್ ಬಿಟ್ಟು ಮಾಫಿ ಕೇಳುವುದು. ಒಂದೇ ಸಾಲಿನಲ್ಲಿ ಉತ್ತರ ಕೊಡು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.” ಅದರ ಪ್ರತಿಯನ್ನು ಹಡಗಿನಲ್ಲಿ ಅವನ ಮೇಲಿರುವ ಚೀಫ್‌ಗೆ ಕಳಿಸಬೇಡಿ. ಶುಕ್ರವಾರದೊಳಗೆ ಅವನ ಉತ್ತರ ಬರದಿದ್ದರೆ? ವಿಭಾಗದ ಮುಖ್ಯಸ್ಥರಿಗೆ ಬರೆದು ಗ್ರೇಡಿನ ಗಡುವು ಮುಂದೂಡಿಸಿ. ಲೈನ್ ಇಲ್ಲದವನಿಂದ ಒಪ್ಪಿಗೆ ಹೇಗೆ ಪಡೆಯುವುದು ಅಂತ ಅವರನ್ನೇ ಕೇಳಿ, ಅವರ ಉತ್ತರ ಬರಹದಲ್ಲಿರಲಿ.

ನಿಮ್ಮ ಸ್ವಂತ ಹಿತದ ಮಾತೂ ಇದೆ. ಐ ಹಾಕಿದರೆ ಮುಂದಿನ ತಿಂಗಳುಗಳಲ್ಲಿ ನೀವು ಅವನ ಲೆಕ್ಕ ತಿದ್ದಬೇಕು. ನಿಮ್ಮ ಒಪ್ಪಂದ ಟರ್ಮ್ ಜೊತೆ ಮುಗಿಯುತ್ತದೆ, ಆ ಕೆಲಸಕ್ಕೆ ಯಾರೂ ದುಡ್ಡು ಕೊಡದಿರಬಹುದು. ಮುಂದಿನ ಟರ್ಮ್ ನಿಮ್ಮನ್ನು ಕರೆಯದಿದ್ದರೆ ಅವನ ಫೈನಲ್ ಯಾರು ತಿದ್ದುತ್ತಾರೆ? ಬಾಕಿ ಇರುವ ಕೆಲಸದ ಪಟ್ಟಿ, ಅಂಕ ಕೊಡುವ ಲೆಕ್ಕ, ಗಡುವು, ನೀವಿಲ್ಲದಿದ್ದರೆ ತಿದ್ದುವವರು ಯಾರು ಅನ್ನುವುದನ್ನೆಲ್ಲ ಮುಖ್ಯಸ್ಥರ ಜೊತೆ ಇಮೇಲ್‌ನಲ್ಲೇ ತೀರ್ಮಾನ ಮಾಡಿಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಕಡೆಗೆ ಏಟು ಬೀಳುವುದು ಹುಡುಗನಿಗೆ.

ಮುಂದಿನ ಟರ್ಮ್ ಖಂಡಿತ ಒಪ್ಪಿಕೊಳ್ಳಿ. ವಿದ್ಯಾರ್ಥಿಗಾಗಿ ಊಟ ಬಿಟ್ಟು ಕೂತ ಟೀಚರ್ ಆ ಕ್ಲಾಸಿಗೆ ಬೇಕು. ಒಂದೇ ಬದಲಾವಣೆ ಮಾಡಿ: ಸಿಲಬಸ್ ಹಾಳೆಯಲ್ಲಿ, ಪುಸ್ತಕದ ಹೆಸರಿಗಿಂತಲೂ ಮೇಲೆ, “ಡ್ಯೂಟಿಯಿಂದ ಕ್ಲಾಸ್ ತಪ್ಪುವ ಸೂಚನೆ ಸಿಕ್ಕ ದಿನವೇ ನನಗೆ ‘ಬರಲಾಗದು’ ಅಂತ ಒಂದು ಸಾಲು ಬರೆಯಿರಿ, ಕಾರಣ ಬೇಡ, ಜಾಗ ಬೇಡ, ತಾರೀಕು ಬೇಡ” ಅಂತ ಸೇರಿಸಿ. ಅದರ ಕೆಳಗೆ ಕಾಲೇಜಿನ ಸೈನಿಕ ವಿಭಾಗದ ಫೋನ್ ನಂಬರ್ ಹಾಕಿ, ಮೊದಲ ದಿನವೇ ಅದನ್ನು ಗಟ್ಟಿಯಾಗಿ ಓದಿ ಹೇಳಿ.