ಶಾಸನಸಭೆಯಿಂದ ವಾಲ್ತೇರಿಗೆ

ಪ್ರಶ್ನೆ: ರಾಜಕಾರಣಿಗಳು ಕುಲಪತಿಗಳಾದರೆ ವಿಶ್ವವಿದ್ಯಾನಿಲಯ ಹಾಳಾಗುತ್ತದೆ ಎಂಬ ಮಾತು ಕೇಳುತ್ತೇವೆ. ಹಿಂದೆ ಮೈಸೂರಿನಲ್ಲಿದ್ದ ಸಿ. ಆರ್. ರೆಡ್ಡಿಯವರು ಎರಡೂ ಆಗಿದ್ದರಂತೆ. ಅವರ ಬಗ್ಗೆ ತಿಳಿಸುವಿರಾ?
– ಓದುಗರೊಬ್ಬರು, ಮೈಸೂರು

ಉತ್ತರ: ಚಿತ್ತೂರಿನ ಬಳಿಯ ಕಟ್ಟಮಂಚಿಯಲ್ಲಿ 1880ರಲ್ಲಿ ಹುಟ್ಟಿ, ಕೇಂಬ್ರಿಡ್ಜ್‌ನಲ್ಲಿ ಓದಿ ಬಂದ ರಾಮಲಿಂಗಾರೆಡ್ಡಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ಅಲ್ಲಿಯೇ ಪ್ರಾಂಶುಪಾಲರಾಗಿ, ಮುಂದೆ ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆದವರು. ಶಾಲೆಗೆ ಸೇರಿಸಿಕೊಳ್ಳುವಾಗ ಜಾತಿ ಅಡ್ಡ ಬರಬಾರದೆಂದು ದುಡಿದ ಅಧಿಕಾರಿ ಅವರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವುದರ ಹಿಂದೆಯೂ ಅವರ ಶ್ರಮವಿತ್ತು.

ಬಳಿಕ ಮದರಾಸಿನ ಶಾಸನಸಭೆಗೆ ಹೋದರು. ತಾವಿದ್ದ, ಅಲ್ಲಿ ಅಧಿಕಾರದಲ್ಲಿದ್ದ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದಿಂದಲೇ ಸಿಡಿದು ಹೊರಬಂದು, 1923ರ ನವೆಂಬರ್‌ನಲ್ಲಿ ಅದರ ಮುಖ್ಯಮಂತ್ರಿ ಪಾನಗಲ್ ರಾಜರ ಮಂತ್ರಿಮಂಡಲದ ಮೇಲೆ ಅವಿಶ್ವಾಸ ನಿರ್ಣಯ ಮಂಡಿಸಿದರು. ಪರವಾಗಿ 44 ಮತ, ವಿರುದ್ಧವಾಗಿ 65. ನಿರ್ಣಯ ಬಿದ್ದುಹೋಯಿತು. ಆದರೂ, ಮಂತ್ರಿಗಳು ಸಭೆಗೆ ಉತ್ತರ ಕೊಡಬೇಕೆಂಬ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರದಿದ್ದ ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ.

1926ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದರು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರವಿರುವುದು 1930ರಲ್ಲಿ ಎಂದು ನನಗೆ ತೋರುತ್ತದೆ. ವಿಶ್ವವಿದ್ಯಾನಿಲಯ ಬೆಜವಾಡದಿಂದ (ಈಗಿನ ವಿಜಯವಾಡ) ವಿಶಾಖಪಟ್ಟಣದ ವಾಲ್ತೇರಿಗೆ ಆಗಷ್ಟೇ ಬಂದಿತ್ತು, ಕಟ್ಟಬೇಕಾದದ್ದು ಬೆಟ್ಟದಷ್ಟಿತ್ತು. ಅದೇ ಹೊತ್ತಿನಲ್ಲಿ ಕಾನೂನುಭಂಗ ಚಳವಳಿಗಾರರ ಮೇಲೆ ಸರ್ಕಾರ ನಡೆಸಿದ ದಬ್ಬಾಳಿಕೆಯನ್ನು ಪ್ರತಿಭಟಿಸಿ ರೆಡ್ಡಿಯವರು ರಾಜೀನಾಮೆ ಕೊಟ್ಟರು. ತಾವೇ ನೆಟ್ಟ ಸಸಿಯನ್ನು ಅರ್ಧಕ್ಕೆ ಬಿಟ್ಟು ಹೋದರೆಂದು ಅವರನ್ನು ದೂರಲು ನನ್ನ ಮನಸ್ಸು ಒಪ್ಪುವುದಿಲ್ಲ. ಕುರ್ಚಿಗಾಗಿ ರಾಜಕೀಯ ಮಾಡುವವರಿಗೂ ರಾಜಕೀಯ ನಿಲುವಿಗಾಗಿ ಕುರ್ಚಿ ಬಿಡುವವರಿಗೂ ಇರುವ ಅಂತರವನ್ನು ನಿಮ್ಮ ಕಿವಿಗೆ ಬಿದ್ದ ಆ ಮಾತು ಗಮನಿಸಿಲ್ಲ.

ಅವರ ನಂತರ ಆ ಸ್ಥಾನಕ್ಕೆ ಬಂದ, ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ಅವರೂ ಹಿಂದೆ ಮಹಾರಾಜ ಕಾಲೇಜಿನಲ್ಲಿದ್ದವರೇ. 1936ರಲ್ಲಿ ರೆಡ್ಡಿಯವರು ಮತ್ತೆ ಕುಲಪತಿಯಾಗಿ ಹದಿಮೂರು ವರ್ಷ ನಿಂತು ಕೆಲಸ ಮಾಡಿದರು. ಈಗಿನ ಒಡಿಶಾದಲ್ಲಿರುವ ಜಯಪುರದ ಮಹಾರಾಜ ವಿಕ್ರಮದೇವ ವರ್ಮರು ವರ್ಷಕ್ಕೆ 1 ಲಕ್ಷ ರೂಪಾಯಿಯಂತೆ ಕೊಡುತ್ತಿದ್ದ ದತ್ತಿಯ ಬಲವೂ ಆ ವಿಶ್ವವಿದ್ಯಾನಿಲಯಕ್ಕಿತ್ತು. ಅಲ್ಲಿನ ವಿಜ್ಞಾನ ಕಾಲೇಜಿಗೆ ಆ ಮಹಾರಾಜರದೇ ಹೆಸರಿಟ್ಟಿದ್ದರು. ರೆಡ್ಡಿಯವರು 1949ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸಮಕುಲಾಧಿಪತಿಯಾಗಿ (ಪ್ರೊ-ಚಾನ್ಸಲರ್) ಮೈಸೂರಿಗೇ ಮರಳಿದರು. 1951ರ ಫೆಬ್ರವರಿಯಲ್ಲಿ ತೀರಿಕೊಂಡರು.