ಓದುಗರ ಪ್ರಶ್ನೆ: ಟೆಂಪ್ಲರ್ ಕೋಟೆ ಬಿದ್ದದ್ದು ಹೇಗೆ?

ಪ್ರಶ್ನೆ: ನಮ್ಮ ಕೊಡಗಿನ ಕಡಂಗಗಳು (ಹಳೆಯ ಕಾಲದ ರಕ್ಷಣಾ ಕಂದಕಗಳು) ಬರೀ ಮಣ್ಣಿನವು, ಆದರೂ ಕಾಫಿ ತೋಟಗಳ ನಡುವೆ ಇವತ್ತಿಗೂ ಕಾಣುತ್ತವೆ. ಜೋರ್ಡಾನ್ ನದಿಯ ದಂಡೆಯಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧಸನ್ಯಾಸಿಗಳ ಕಲ್ಲಿನ ಕೋಟೆ ವರ್ಷ ತುಂಬುವುದರೊಳಗೆ ಬಿತ್ತಂತೆ. ಕಾರಣ ಭೂಕಂಪವೇ, ಯುದ್ಧವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಯುದ್ಧ. ಭೂಕಂಪ ಬಂದದ್ದು 23 ವರ್ಷಗಳ ನಂತರ.

ಡಮಾಸ್ಕಸ್ ದಾರಿಯಲ್ಲಿ ನದಿ ಹಾಯುವ ಜಾಗವನ್ನು ಹಿಡಿದಿಡಲು ಜೆರುಸಲೇಮಿನ ಕ್ರೈಸ್ತ ದೊರೆ 4ನೇ ಬಾಲ್ಡ್ವಿನ್ 1178ರ ಅಕ್ಟೋಬರಿನಲ್ಲಿ ಈ ಕೋಟೆಯ ಕೆಲಸ ಶುರು ಮಾಡಿಸಿದ. ನಿಲ್ಲಿಸಿದರೆ 60,000 ದಿನಾರ್ (ಚಿನ್ನದ ನಾಣ್ಯ) ಕೊಡುತ್ತೇನೆಂದ ಈಜಿಪ್ಟ್-ಸಿರಿಯಾಗಳ ಮುಸ್ಲಿಂ ಸುಲ್ತಾನ ಸಲಾದಿನ್, ಆಮೇಲೆ 1,00,000ಕ್ಕೆ ಏರಿಸಿದ. ದೊರೆ ಒಪ್ಪಲಿಲ್ಲ. 1179ರ ಆಗಸ್ಟ್ 24ರಂದು ಮುತ್ತಿಗೆ ಬಿತ್ತು.

ಗೋಡೆ ದುರ್ಬಲವಾಗಿರಲಿಲ್ಲ. ಅದರ ದಪ್ಪ 10 ಮೊಳಕ್ಕೂ ಹೆಚ್ಚು, ಕೆತ್ತಿದ ಕಲ್ಲುಗಳು 20,000ಕ್ಕೂ ಮೇಲೆ ಎಂದು ಸಲಾದಿನ್ನನ ಕಾರ್ಯದರ್ಶಿಯೇ ಬರೆದಿದ್ದಾನೆ. ಆದರೆ ಕೋಟೆ ಇನ್ನೂ ಅರೆಬರೆ. ಸುಣ್ಣದ ರಾಶಿ, ಕೆಲಸಗಾರರ ಹತಾರಗಳು ಇದ್ದಲ್ಲೇ ಬಿದ್ದಿದ್ದವು. ಉತ್ಖನನದಲ್ಲಿ ಅವು ಸಿಕ್ಕಿವೆ. ಹೊರಸುತ್ತಿನ ಗೋಡೆ ಎದ್ದಿರಲಿಲ್ಲವಾದ್ದರಿಂದ ಸುರಂಗ ತೋಡುವವರು ನೇರ ಬುಡಕ್ಕೇ ಬಂದರು.

ಅವರ ವಿಧಾನ ಹೀಗೆ: ಗೋಡೆಯ ಅಡಿಗೆ ಸುರಂಗ ಕೊರೆದು, ಮೇಲಿನ ಭಾರಕ್ಕೆ ಮರದ ಕಂಬ ಕೊಟ್ಟು, ಸೌದೆ ತುಂಬಿ ಬೆಂಕಿ ಇಡುವುದು. ಕಂಬ ಸುಟ್ಟರೆ ಗೋಡೆ ಕೂರುತ್ತದೆ. ಮೊದಲ ಸಲ ಗೋಡೆ ಅಲುಗಲಿಲ್ಲ. ಅದರ ದಪ್ಪಕ್ಕೆ ಸುರಂಗ ಸಾಲದಾಗಿತ್ತು. ಅಗಲಿಸೋಣವೆಂದರೆ ಒಳಗೆ ಇನ್ನೂ ಬೆಂಕಿ. ಬೆಂಕಿ ಆರಿಸಲು ನೀರು ಹೊತ್ತು ತಂದವರಿಗೆ ಒಂದೊಂದು ಚೀಲಕ್ಕೆ ಒಂದು ದಿನಾರ್ ಎಂದು ಸಲಾದಿನ್ ಸಾರಿದ! ತಿಬೇರಿಯಾಸ್ ಪಟ್ಟಣದಿಂದ ದೊರೆ ಬಾಲ್ಡ್ವಿನ್ನನ ಸೈನ್ಯ ಬರುವ ಮೊದಲೇ ಮುಗಿಸಬೇಕಿತ್ತು. ಮತ್ತೆ ತೋಡಿ ಮತ್ತೆ ಬೆಂಕಿ ಇಟ್ಟಾಗ ಗೋಡೆ ಕುಸಿಯಿತು. ಸೋತವರ ಹೆಣಗಳನ್ನು ನೀರಿನ ತೊಟ್ಟಿಗೆ ಎಸೆದದ್ದು ಘೋರ ತಪ್ಪು. ಗೆದ್ದ ಸೈನ್ಯಕ್ಕೇ ರೋಗ ಹತ್ತಿತು.

ಕಡಂಗವನ್ನು ಹೀಗೆ ಕೆಡವಲಾಗದು. ಕಂದಕ, ಮಣ್ಣಿನ ದಿಬ್ಬ ಬಿಟ್ಟರೆ ಅಲ್ಲಿ ಕುಸಿದು ಬೀಳುವಂಥ ಭಾರದ ಗೋಡೆಯೇ ಇಲ್ಲ.

ಇನ್ನು ಭೂಕಂಪ. ಕೋಟೆ ನಿಂತದ್ದು ಮೃತಸಮುದ್ರ ಭೂಸ್ತರಭಂಗದ, ಅಂದರೆ ನೆಲದ ಎರಡು ಭಾಗಗಳು ಒಂದರ ಪಕ್ಕ ಒಂದು ಜಾರುವ ಬಿರುಕಿನ, ನೆತ್ತಿಯ ಮೇಲೆ. 1202ರ ಮೇ 20ರ ಕಂಪನಕ್ಕೆ ಅಳಿದುಳಿದ ಗೋಡೆಗಳು ಸುಮಾರು 1.6 ಮೀಟರ್ ಸರಿದವು, 1759ರಲ್ಲಿ ಇನ್ನರ್ಧ ಮೀಟರ್. ಈ ಬದಲಾವಣೆಯೂ ಸುರಂಗದಿಂದಲೇ ಆದದ್ದಾದರೆ ಒಂದೇ ಕಡೆ ಕುಸಿತವಿದ್ದು, ಅಡಿಯಲ್ಲಿ ಸುಟ್ಟ ಗುರುತು ಇರಬೇಕು. ಇಲ್ಲಿ ಉತ್ತರದ ಗೋಡೆಯೂ ದಕ್ಷಿಣದ ಗೋಡೆಯೂ ಒಂದೇ ರೇಖೆಯಲ್ಲಿ ತುಂಡಾಗಿ, ಪೂರ್ವದ ತುಂಡುಗಳೆರಡೂ ಉತ್ತರಕ್ಕೇ ಜರುಗಿವೆ. ನೆಲವೇ ಸರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.