ಡಿಎಂಎಫ್‌ಟಿ ಸರಾಸರಿ ಒಂದೇ ಇದ್ದರೆ ಹಲ್ಲಿನ ಆರೋಗ್ಯವೂ ಒಂದೇ ಎನ್ನಬಹುದೇ?

ಎರಡು ದೇಶಗಳ 12 ವರ್ಷದ ಮಕ್ಕಳಲ್ಲಿ ಹಲ್ಲಿನ ಹುಳುಕನ್ನು ಅಳೆಯುವ ಡಿಎಂಎಫ್‌ಟಿ ಸರಾಸರಿ ಒಂದೇ ಆಗಿರುವಾಗ ಅಲ್ಲಿನ ಹಲ್ಲಿನ ಆರೋಗ್ಯವೂ ಸಮಾನವೆನ್ನಬಹುದೇ ಎಂದು ಕೇಳಿದ್ದೀರಿ. ದಂತ ಸಮೀಕ್ಷೆಗಳಲ್ಲಿ ಪರೀಕ್ಷಕನಾಗಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ಖಂಡಿತ ಹಾಗೆನ್ನಲು ಬರುವುದಿಲ್ಲ.

1938ರಲ್ಲಿ ಕ್ಲೈನ್, ಪಾಮರ್ ಮತ್ತು ನಟ್ಸನ್ ರೂಪಿಸಿದ ಈ ಸೂಚ್ಯಂಕವು ಹುಳುಕಾದ, ಹುಳುಕಿನಿಂದ ಕಿತ್ತುಹೋದ ಮತ್ತು ಹುಳುಕಿಗೆ ಸಿಮೆಂಟ್ ತುಂಬಿಸಿದ ಕಾಯಂ ಹಲ್ಲುಗಳನ್ನು ಕೂಡಿಸಿ ಎಣಿಸುತ್ತದೆ. ಎರಡು ದವಡೆ ಹಲ್ಲುಗಳು ಹುಳುಕಾಗಿ ಹಾಗೆಯೇ ಉಳಿದಿರುವ ಮಗುವಿಗೂ, ಅವೇ ಎರಡು ಹಲ್ಲುಗಳಿಗೆ ಚಿಕಿತ್ಸೆ ಪಡೆದು ನೆಮ್ಮದಿಯಾಗಿ ಅಗಿಯುತ್ತಿರುವ ಮಗುವಿಗೂ ಸಿಗುವ ಅಂಕ 2 ಮಾತ್ರ. ಆದ್ದರಿಂದ ಮೂರು ಭಾಗಗಳನ್ನೂ ಬೇರೆಬೇರೆಯಾಗಿ ಕೊಡದ ವರದಿಯಿಂದ ಚಿಕಿತ್ಸೆ ಎಷ್ಟು ಜನರನ್ನು ತಲುಪಿದೆ ಎಂಬುದು ತಿಳಿಯುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಹಂಚಿಕೆಯದು. 30 ಮಕ್ಕಳಲ್ಲಿ ಪ್ರತಿಯೊಬ್ಬರಿಗೂ 2 ಹಲ್ಲು ಕೆಟ್ಟಿದ್ದರೂ, 20 ಮಕ್ಕಳಿಗೆ ಒಂದೂ ಕೆಡದೆ ಉಳಿದ 10 ಮಕ್ಕಳಿಗೆ ತಲಾ 6 ಕೆಟ್ಟಿದ್ದರೂ ಸರಾಸರಿ 2 ಎಂದೇ ಬರುತ್ತದೆ. ಆ ಹತ್ತು ಮಕ್ಕಳು ಲೆಕ್ಕದಲ್ಲಿ ಕಾಣದೆ ಹೋಗುವುದು ನನಗೆ ತೀರ ಬೇಸರದ ಸಂಗತಿ, ಏಕೆಂದರೆ ಆರೈಕೆ ಮೊದಲು ಸಿಗಬೇಕಾದದ್ದು ಅವರಿಗೇ. ದಂತ ಸಂಶೋಧಕ ಬ್ರಾಟ್‌ಹಾಲ್ 2000ರಲ್ಲಿ ಸೂಚಿಸಿದ ಎಸ್‌ಐಸಿ ಸೂಚ್ಯಂಕವು ಅತಿ ಹೆಚ್ಚು ಅಂಕವಿರುವ ಮೂರನೇ ಒಂದು ಭಾಗದವರ ಸರಾಸರಿಯನ್ನಷ್ಟೇ ತೆಗೆಯುವುದರಿಂದ, ಮೊದಲ ಗುಂಪಿಗೆ 2, ಎರಡನೆಯದಕ್ಕೆ 6 ಎಂಬ ವ್ಯತ್ಯಾಸ ಎದ್ದು ಕಾಣುತ್ತದೆ.

ಪರೀಕ್ಷಿಸುವ ಕಣ್ಣೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷಾ ವಿಧಾನದಲ್ಲಿ ಹಲ್ಲಿನ ಮೇಲೆ ಕುಳಿ ಸ್ಪಷ್ಟವಾಗಿ ಕಂಡರೆ ಮಾತ್ರ ಹುಳುಕೆಂದು ಬರೆಯಬೇಕು. ಅನುಮಾನವಿದ್ದರೆ ಹಲ್ಲು ಚೆನ್ನಾಗಿದೆ ಎಂದೇ ದಾಖಲಿಸಬೇಕು. ಹುಳುಕಿನ ಮೊದಲ ಗುರುತಾದ, ಸುಣ್ಣ ಹಚ್ಚಿದಂತಿರುವ ಬಿಳಿ ಮಚ್ಚೆ ಆ ಎಣಿಕೆಗೆ ಸೇರದು, ಆದರೆ ಹುಳುಕನ್ನು ಆರಂಭದ ಹಂತದಿಂದಲೇ ಗುರುತಿಸುವ ಐಸಿಡಿಎಎಸ್ ಪದ್ಧತಿಯಲ್ಲಿ ಸೇರುತ್ತದೆ. ಹೀಗಾಗಿ ಬೇರೆ ಬೇರೆ ಪದ್ಧತಿಗಳಲ್ಲಿ ಪಡೆದ ಅಂಕಿಗಳನ್ನು ಅಕ್ಕಪಕ್ಕ ಇಡುವುದು ತಪ್ಪು. ಪರೀಕ್ಷಕರಿಗೆ ಮೊದಲೇ ಒಟ್ಟಿಗೆ ತರಬೇತಿ ಕೊಟ್ಟು, ಕೆಲವು ಮಕ್ಕಳನ್ನು ಎರಡನೇ ಬಾರಿ ಪರೀಕ್ಷಿಸಿ, ತೀರ್ಮಾನಗಳು ಎಷ್ಟು ಹೊಂದುತ್ತವೆ ಎಂಬುದನ್ನು ಕಪ್ಪಾ ಎಂಬ ಅಳತೆಯಲ್ಲಿ ವರದಿ ಮಾಡಿದ್ದಾರೆಯೇ ಎಂದೂ ನೋಡಿ.

ವಯಸ್ಕರಲ್ಲಿ ಹೋಲಿಕೆ ಇನ್ನೂ ಕಷ್ಟ. ಹಲ್ಲು ಹೋದದ್ದು ಹುಳುಕಿನಿಂದಲೋ ವಸಡಿನ ಕಾಯಿಲೆಯಿಂದಲೋ ಎಂದು ಖಾಲಿ ಜಾಗ ನೋಡಿ ಹೇಳಲಾಗದು. ಇನ್ನು ಹುಳುಕು ಹಲ್ಲಿನ ತಿರುಳಿಗೆ ತಲುಪಿದೆಯೇ, ಕೀವು ಕಟ್ಟಿದೆಯೇ ಎಂಬುದನ್ನು ಡಿಎಂಎಫ್‌ಟಿ ಕೇಳುವುದೇ ಇಲ್ಲ. ಚಿಕಿತ್ಸೆ ವಿರಳವಾಗಿರುವ ದೇಶವು ನಿಮ್ಮ ಹೋಲಿಕೆಯಲ್ಲಿದ್ದರೆ, ಹುಳುಕಿನ ಇಂಥ ತೀವ್ರ ಪರಿಣಾಮಗಳನ್ನೇ ಎಣಿಸುವ ಪಿಯುಎಫ್‌ಎ ಸೂಚ್ಯಂಕದ ಅಂಕಿಗಳು ಸಿಗುತ್ತವೆಯೇ ಎಂದು ಹುಡುಕಿ.